ಕುಲ್ಸುಮಳ ಹಂಡೆ ಮತ್ತು ಹವಾ ಎಂಜಿನ್

ಕಲಬುರಗಿಯ ಸ್ಟೇಶನ್ ಬಜಾರದ ಇಮಾಮುದ್ದೀನ್ ಮಾಡಿಕೊಟ್ಟ ತಾಮ್ರದ ಕೊಡ ಸೋರಿತು ಎಂದು ಹೇಳಿದವರು ಯಾರೂ ಇರಲಿಲ್ಲ. ಹೇಳಬೇಕೆಂದು ಆಸೆಪಟ್ಟವರು ಬೇಕಾದಷ್ಟು ಜನ ಇದ್ದರು. ಏಕೆಂದರೆ ಕೊಡಕ್ಕೆ ಹಾಕುತ್ತಿದ್ದ ಬೆಸುಗೆಯನ್ನು ಆತ ತನ್ನ ಜಂಬಕ್ಕೆ ಹಾಕಿಕೊಂಡಿರಲಿಲ್ಲ. ಅದು ಸದಾ ಸೋರುತ್ತಿತ್ತು. ತಾಮ್ರದಲ್ಲಿ ಮಾಡಲಾಗದ ವಸ್ತು ಮನುಷ್ಯನಿಗೆ ಬೇಕಾದ ವಸ್ತುವೇ ಅಲ್ಲ ಎಂಬುದು ಅವನ ಸಿದ್ಧಾಂತ. ಕಬ್ಬಿಣ ಇರುವುದು ಕುದುರೆಯ ಕಾಲಿಗೆ. ಮರ್ಯಾದಸ್ಥರ ಮನೆಯೊಳಗೆ ಅದಕ್ಕೆ ಪ್ರವೇಶವೇನಿದ್ದರೂ ರೊಟ್ಟಿ ಹಂಚಿನ ತನಕ.

ಇಂಥವನ ತಲೆಯೊಳಗೆ ಗಾಳಿ ಹೊಕ್ಕಿದ್ದು ವಕೀಲ ಜಗದೇವಪ್ಪನವರ ಪಂಖಾದಿಂದ. ದೊಡ್ಡ ಯುದ್ಧ ಆಗಷ್ಟೇ ಮುಗಿದು ಮುಂಬಯಿಯ ಅಂಗಡಿಗಳಿಗೆ ವಿಲಾಯಿತಿ ಸಾಮಾನು ಮತ್ತೆ ಬರತೊಡಗಿದ್ದ ಕಾಲ. ವಕೀಲರು ಅಲ್ಲಿಂದ ಸೀಮೆಎಣ್ಣೆಯ ಪಂಖಾ ತರಿಸಿದರು. ಕೆಳಗೊಂದು ದೀಪ, ಮೇಲೆ ರೆಕ್ಕೆ. ದೀಪ ಹಚ್ಚಿದರೆ ರೆಕ್ಕೆ ತಿರುಗುತ್ತದೆ. ಸೆಕೆ ಕಳೆಯಲು ಬೆಂಕಿ ಹಚ್ಚುವ ವಿದ್ಯೆ ವಕೀಲರಿಗಲ್ಲದೆ ಬೇರೆ ಯಾರಿಗೆ ಹೊಳೆದೀತು ಎಂದು ಕಕ್ಷಿಗಾರರು ಹೊರಗೆ ಕುಳಿತು ಬೆವರು ಒರೆಸಿಕೊಳ್ಳುತ್ತ ಮಾತಾಡಿಕೊಂಡರು.

ದೀಪದ ಬುಡ ಸೋರಿ ಪಂಖಾ ಇಮಾಮುದ್ದೀನನ ಅಂಗಡಿಗೆ ಬಂತು. ಬುಡ ಬೆಸೆಯುವುದು ಕ್ಷಣದ ಕೆಲಸ. ಆದರೆ ಆತ ಪಂಖಾದ ಹೊಟ್ಟೆ ಬಿಚ್ಚಿ ನೋಡಿದ. ನೋಡಿದವನು ಅಲ್ಲೇ ಕುಳಿತುಬಿಟ್ಟ. ರೇಲ್ವೆ ಎಂಜಿನ್ನಿನ ಹೊಟ್ಟೆಯಲ್ಲಿ ನೀರಿರುತ್ತದೆ, ಉಗಿ ಇರುತ್ತದೆ. ಇದರಲ್ಲಿ ಬರೀ ಗಾಳಿ! ಒಂದು ಮುಚ್ಚಿದ ಡಬ್ಬಿ. ಅದರ ತಳಕ್ಕೆ ಬೆಂಕಿ, ತಲೆಗೆ ತಂಪು. ಒಳಗೆ ಸಡಿಲವಾಗಿ ಮೇಲೆ ಕೆಳಗೆ ಆಡುವ ಹಗುರಾದ ಒಂದು ಡೋಲು. ಡೋಲು ಮೇಲೆ ಸರಿದರೆ ಗಾಳಿ ಬಿಸಿ ತಳಕ್ಕೆ ಇಳಿದು ಉಬ್ಬುತ್ತದೆ, ಕೆಳಗೆ ಸರಿದರೆ ಗಾಳಿ ತಂಪಿನ ಕಡೆ ಏರಿ ಕುಗ್ಗುತ್ತದೆ. ಆ ಉಬ್ಬು ಕುಗ್ಗಿಗೆ ಪಕ್ಕದ ಪಿಸ್ಟನ್ ಹೋಗಿ ಬಂದು ಮಾಡಿ ಗಾಲಿ ತಿರುಗಿಸುತ್ತದೆ. ಬೆಂಕಿ ಡಬ್ಬಿಯ ಒಳಗೆ ಕಾಲಿಡುವುದೇ ಇಲ್ಲ. ಅಂದಮೇಲೆ ಸೀಮೆಎಣ್ಣೆಯೇ ಏಕೆ? ತೊಗರಿ ಕಟ್ಟಿಗೆ ಆದೀತು, ಕುಳ್ಳು ಆದೀತು, ಒಣಗಿದ ಬಾಳೆ ಎಲೆಯೂ ಆದೀತು.

ಒಂದೇ ಒಂದು ಸಂಗತಿ ಅವನ ಮನಸ್ಸಿಗೆ ಒಪ್ಪಲಿಲ್ಲ. ಬೆಂಕಿಗೆ ತಾಗುವ ಆ ಡಬ್ಬಿ ಕಬ್ಬಿಣದ್ದಾಗಿತ್ತು.

"ಪಾಪ, ಯುದ್ಧದ ಕಾಲ. ತಾಮ್ರ ಸಿಕ್ಕಿರಲಿಕ್ಕಿಲ್ಲ," ಎಂದು ಅವನು ವಿಲಾಯಿತಿಯವರ ಮೇಲೆ ಕನಿಕರಪಟ್ಟ.

ಬಾಳೆ ಎಲೆ ನೆನಪಾಗಲು ಕಾರಣವಿತ್ತು. ಅವನ ಹೆಂಡತಿ ಕುಲ್ಸುಮಳ ತವರು ಕಮಲಾಪುರ, ಕೆಂಪು ಬಾಳೆಯ ಊರು. ಊರ ಮಗಳ ಗಂಡ ಊರಿಗೆಲ್ಲ ಅಳಿಯ. ಜಾತಿ, ಮನೆ ಯಾವುದಾದರೂ ಸರಿ, ಹಿರಿಯರ ಬಾಯಲ್ಲಿ ಅವನು ಅಳಿಯನೇ. ಬಾಳೆ ತೋಟದ ಒಡತಿ ಮಾನಮ್ಮನಿಗೂ ಅಷ್ಟೇ. ಮುಂದಿನ ಸಲ ಹೋದಾಗ ಇಮಾಮುದ್ದೀನ್ ಆಕೆಯ ಬಾವಿಯ ಕಟ್ಟೆಯ ಮೇಲೆ ಕುಳಿತು ಹವಾ ಎಂಜಿನ್ನಿನ ಪುರಾಣ ಹೇಳಿದ.

"ನನ್ನ ಎತ್ತಿಗಿ ವಯಸ್ಸಾತೋ ಅಳಿಯಾ," ಎಂದಳು ಮಾನಮ್ಮ. "ನಿನ್ನ ಎಂಜಿನ್ನು ಮೇವು ಬೇಡಂಗಿಲ್ಲಂದ್ರ ತಗೊಂಡ್ ಬಾ. ನೀರೆತ್ತಿದ್ರ ಸೈ, ಇಲ್ಲಂದ್ರ ಬಾಳಿ ಗೊನಿ ಕಟ್ಟಾಕರ ಆಗ್ತದ."

ಎಂಜಿನ್ ಮಾಡಲು ದಪ್ಪ ತಾಮ್ರ ಬೇಕಿತ್ತು. ಯುದ್ಧದಲ್ಲಿ ತಾಮ್ರವೆಲ್ಲ ಬಂದೂಕಿನ ತೋಟಾ ಆಗಿ ಹಾರಿಹೋಗಿತ್ತು. ತೋಟಕ್ಕೆಂದು ಏನೂ ಉಳಿದಿರಲಿಲ್ಲ. ಮನೆಯ ಬಚ್ಚಲಲ್ಲಿ ಮಾತ್ರ ಒಂದು ಹಂಡೆ ಇತ್ತು. ಕುಲ್ಸುಮಳ ತಾಯಿ ಬಷೀರುನ್ನೀಸಾ ಮದುವೆಯಲ್ಲಿ ಕೊಟ್ಟದ್ದು. ಎಂಜಿನ್ನಿಗೆಂದೇ ಅಳತೆ ಕೊಟ್ಟು ಮಾಡಿಸಿದಂತೆ ತಳ ದಪ್ಪ, ಹೊಟ್ಟೆ ದುಂಡಗೆ, ಕೊರಳು ಮಟ್ಟಸ. ಕುಲ್ಸುಮ್ ದರ್ಗಾಕ್ಕೆ ಹೋದ ಒಂದು ಗುರುವಾರ ಇಮಾಮುದ್ದೀನ್ ಅದನ್ನು ಕತ್ತರಿಸಿದ.

ಆಕೆ ಬಂದು ಬಚ್ಚಲಿಗೆ ಇಣುಕಿದಳು. ಮೂರು ಕಲ್ಲಿನ ಒಲೆ ಬಾಯಿ ಬಿಟ್ಟುಕೊಂಡು ಕುಳಿತಿತ್ತು.

"ಹಂಡಿ ಎಲ್ಲಿ?"

"ಇಲ್ಲೇ ಅದ. ಸ್ವಲ್ಪ... ಉದ್ದ ಆಗ್ಯದ."

"ಉದ್ದ?"

"ನೋಡು, ಇದು ನೀರೆತ್ತಾಕ ಶುರು ಮಾಡಿದ ಮ್ಯಾಲ ನಿನಗ ಇದರಪ್ಪನಂಥಾ ಹಂಡಿ ಮಾಡಿಕೊಡ್ತೀನಿ."

"ಇದರಪ್ಪ ಬ್ಯಾಡ. ನಮ್ಮಮ್ಮಿ ಕೊಟ್ಟಿದ್ದ ಬೇಕು," ಎಂದಳು ಕುಲ್ಸುಮ್. ಕೂಗಾಡಲಿಲ್ಲ, ಅಳಲಿಲ್ಲ, ಇಮಾಮುದ್ದೀನನಿಗೆ ಅದೇ ಹೆಚ್ಚು ಹೆದರಿಕೆ ತಂದಿತು. "ಆ ಹಂಡಿ ಒಲಿ ಮ್ಯಾಲ ಕುಂತ ದಿನ ಹೇಳಿ ಕಳಸ್ರಿ, ಬರ್ತೀನಿ." ಮರುದಿನ ಕಮಲಾಪುರದ ಗಾಡಿ ಹತ್ತಿದಳು. ಹಂಡೆ ಹೋದ ಹಿಂದೆಯೇ ಹೆಂಡತಿಯೂ ಹೋದಳು.

ಇನ್ನು ಎಂಜಿನ್ ಓಡಲೇಬೇಕಿತ್ತು. ಓಡಿದರೆ ಅತ್ತೆಯ ಮನೆಯಲ್ಲಿ ತಲೆ ಎತ್ತಿ ಮಾತಾಡಬಹುದು, ಕುಲ್ಸುಮಳನ್ನು ಕರೆಯಬಹುದು. ಓಡದಿದ್ದರೆ ತಾಮ್ರವೂ ಇಲ್ಲ, ಮುಖವೂ ಇಲ್ಲ.

ಎಂಜಿನ್ನಿಗೆ ಈ ಸಂಸಾರದ ಗೋಳು ತಿಳಿಯುವಂತಿರಲಿಲ್ಲ. ಮೊದಲ ಸಲ ಹಚ್ಚಿದಾಗ ಪಿಸ್ಟನ್ನಿಗೆ ಸುತ್ತಿದ ಚರ್ಮ ಸುಟ್ಟು ಇಡೀ ಬಜಾರಕ್ಕೆ ವಾಸನೆ ಹಬ್ಬಿತು. ಇಮಾಮುದ್ದೀನ್ ಪಿಸ್ಟನ್ನನ್ನು ತಂಪಿನ ಕಡೆಗೆ ಸಾಗಿಸಿದ. ಆಮೇಲೆ ಎಣ್ಣೆಯ ಸರದಿ. ಸಲೀಸಾಗಿ ಆಡಲೆಂದು ಹಾಕಿದ ಕುಸುಬೆ ಎಣ್ಣೆ ಬಿಸಿಗೆ ಅಂಟಾಗಿ ಡೋಲನ್ನೇ ಹಿಡಿದುಕೊಂಡಿತು. ದಾರಿಹೋಕರು ನಿಂತು, "ಏನ್ ಸಾಹೇಬ್ರ, ಭಜಿ ಯಾವಾಗ ಸಿಗ್ತಾವ?" ಎಂದು ಕೇಳಿದರು. ಬಿಸಿ ಕಡೆ ಎಣ್ಣೆಯನ್ನೇ ಬಿಟ್ಟ. ಆಮೇಲೆ ಡೋಲು. ಅದು ಸಡಿಲವಾಗಿರಬೇಕು, ಅದರ ಪಕ್ಕದಲ್ಲಿ ಗಾಳಿ ನುಸುಳಬೇಕು. ಜೀವಮಾನವೆಲ್ಲ ಒಂದು ಹನಿ ಹೊರಬೀಳದ ಮುಚ್ಚಳ ಮಾಡಿದ ಕೈ, ಸಡಿಲು ಮಾಡು ಎಂದರೆ ಕೇಳುತ್ತದೆಯೇ? ಬೇಕೆಂದೇ ಕೆಟ್ಟದಾಗಿ ಮಾಡಲು ಅವನಿಗೆ ಎಷ್ಟು ಕಷ್ಟವಾಯಿತೆಂದರೆ, ಚೆನ್ನಾಗಿ ಮಾಡುವುದನ್ನು ಕಲಿಯುವಾಗಲೂ ಅಷ್ಟು ಕಷ್ಟವಾಗಿರಲಿಲ್ಲ.

ಕೊನೆಗೆ ಗಾಲಿ ತಿರುಗಿತು. ಒಂದಷ್ಟು ಸುತ್ತು ಸುತ್ತಿ ನಿಂತಿತು. ಬೆಂಕಿ ಹೆಚ್ಚಿಸಿದ, ಇನ್ನೂ ಬೇಗ ನಿಂತಿತು. ಬಜಾರದ ಶಬ್ಬೀರ್ ದಿನಾ ಬಂದು, "ಚಾಚಾ, ಹವಾ ಎಂಜಿನ್ನಾಗ ಹವಾ ಜೋರದ. ಎಂಜಿನ್ ಯಾವಾಗ ಬರ್ತದ?" ಎಂದು ವಿಚಾರಿಸಿಕೊಂಡು ಹೋಗುತ್ತಿದ್ದ. ಇಮಾಮುದ್ದೀನ್ ಯೋಚಿಸಿ ಯೋಚಿಸಿ ತಪ್ಪನ್ನು ಕಲಬುರಗಿಯ ನೀರಿನ ಮೇಲೆ ಹಾಕಿದ. ಈ ಊರಿನ ನೀರೇ ಬೆಚ್ಚಗೆ. ತಲೆಯ ಕಡೆ ತಂಪು ಹೇಗೆ ನಿಂತೀತು? ಮಾನಮ್ಮನ ಬಾವಿಯ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿದೆ. ಅಲ್ಲಿ ಓಡೇ ಓಡುತ್ತದೆ.

ಎಂಜಿನ್ನನ್ನು ಹುಲ್ಲಿನಲ್ಲಿ ಸುತ್ತಿ ಗಾಡಿಗೆ ಹಾಕಿಕೊಂಡು ಕಮಲಾಪುರಕ್ಕೆ ಹೋದ. ಶುಕ್ರವಾರದ ನಮಾಜು ಮುಗಿದ ಮೇಲೆ ಅರ್ಧ ಊರು ಬಾವಿಯ ಹತ್ತಿರ ಸೇರಿತು. ಬಷೀರುನ್ನೀಸಾಗೆ ಕೂರಲು ಹೊರಸು ಹಾಕಿಸಿದ್ದರು. ಕುಲ್ಸುಮ್ ತಾಯಿಯ ಹಿಂದೆ ನಿಂತಿದ್ದಳು. ಅವಳ ಕಣ್ಣು ಗಂಡನ ಮೇಲಿರಲಿಲ್ಲ, ತಾಮ್ರದ ಮೇಲಿತ್ತು.

ತೊಗರಿ ಕಟ್ಟಿಗೆ ಉರಿಯಿತು. ಇಮಾಮುದ್ದೀನ್ ಬಿಸ್ಮಿಲ್ಲಾ ಹೇಳಿ ಗಾಲಿ ದೂಡಿದ. ಗಾಲಿ ತಿರುಗಿತು, ಅದಕ್ಕೆ ಕಟ್ಟಿದ ಪುಟ್ಟ ಪಂಪು ಕೆಮ್ಮಿತು, ಕಾಲುವೆಗೆ ಬೊಗಸೆ ನೀರು ಬಿತ್ತು. ಜನ "ಓಹೋ" ಎನ್ನುವಷ್ಟರಲ್ಲಿ ಗಾಲಿ ಮೆತ್ತಗಾಯಿತು, ತೂಕಡಿಸಿತು, ನಿಂತಿತು. ಕಟ್ಟಿಗೆ ತುರುಕಿದ. ತಲೆಯ ಮೇಲೆ ತಣ್ಣೀರು ಸುರಿದ. ಸುರಿದ ನೀರು ಕೆಳಗಿಳಿಯುವಷ್ಟರಲ್ಲಿ ಹಬೆಯಾಡತೊಡಗಿತು.

ಬಷೀರುನ್ನೀಸಾ ಎಲೆಯಡಿಕೆ ಪಕ್ಕಕ್ಕಿಟ್ಟು ಅಳಿಯನನ್ನು ವಿನಯದಿಂದ ಕೇಳಿದಳು. "ದುಲೇಮಿಯಾ, ನೀರು ಮ್ಯಾಲ ತರೋದಿತ್ತೋ, ಕಾಯ್ಸೋದಿತ್ತೋ? ಕಾಯ್ಸಾಕಾದ್ರ ನನ್ನ ಹಂಡಿನೇ ಚಲೋ ಇತ್ತಲ್ರೀ."

ಊರಿಗೆ ಊರೇ ನಕ್ಕಿತು. ಇಮಾಮುದ್ದೀನನಿಗೆ ಬಾವಿ ಹತ್ತಿರದಲ್ಲೇ ಕಂಡಿತು. ಆದರೆ ಅದರಲ್ಲಿ ನೀರು ತುಂಬಾ ತಣ್ಣಗಿತ್ತು.

ಅಳಿಯ ಎಷ್ಟೇ ಸೋತರೂ ಊಟ ತಪ್ಪಿಸುವ ಪದ್ಧತಿ ಅತ್ತೆಯ ಮನೆಯಲ್ಲಿರಲಿಲ್ಲ. ಕುಲ್ಸುಮ್ ಮುಂದೆ ಕುಳಿತು ಬಿಸಿ ರೊಟ್ಟಿ ಹಾಕುತ್ತಿದ್ದಳು. ರೊಟ್ಟಿಯ ಜೊತೆಗೆ ಹಂಡೆಯ ಗುಣಗಾನವನ್ನೂ ಬಡಿಸುತ್ತಿದ್ದಳು.

"ಎಂಥಾ ಹಂಡಿ ಇತ್ತು. ತಳಕ್ಕ ನಾಕ್ ಕಡ್ಡಿ ಹಚ್ಚಿದ್ರ ಕೊರಳತನಾ ಕಾಯ್ತಿತ್ತು. ಬರಿಗೈಲೆ ಅಂಚು ಮುಟ್ಟಾಕ ಆಗ್ತಿರಲಿಲ್ಲ. ಕಬ್ಬಿಣದ್ದಾಗಿದ್ರ ಹೊರಿ ಕಟ್ಟಿಗಿ ಉರಿಸಿದ್ರೂ ತಳ ಕೆಂಪಗ, ಅಂಚು ತಣ್ಣಗ. ಅದಕ್ಕ ಅಲ್ಲೇನು ಅಮ್ಮಿ ತಾಮ್ರದ್ದು ಕೊಟ್ಟಿದ್ದು?"

ಇಮಾಮುದ್ದೀನನ ಕೈಯ ತುತ್ತು ಬಾಯಿಯ ಹತ್ತಿರ ನಿಂತಿತು. "ಏನಂದಿ?"

"ಹಂಡಿ ಚಲೋ ಇತ್ತಂದೆ. ಇನ್ನೊಮ್ಮಿ ಅನ್ಲೇನು?"

"ಅಂಚು ತಣ್ಣಗ ಅಂದಿ."

"ಕಬ್ಬಿಣದ್ದು. ಕಬ್ಬಿಣದ್ದಂದೆ!"

ಹಂಡೆಯ ಪುಣ್ಯವೇ ಎಂಜಿನ್ನಿನ ಪಾಪವಾಗಿತ್ತು. ತಳಕ್ಕೆ ಕೊಟ್ಟ ಬಿಸಿಯನ್ನು ತಾಮ್ರ ತನ್ನ ಮೈಯಲ್ಲೇ ಹರಿಸಿಕೊಂಡು ತಲೆಗೆ ಮುಟ್ಟಿಸುತ್ತಿತ್ತು. ತಳವೂ ಬಿಸಿ, ತಲೆಯೂ ಬಿಸಿ; ಒಳಗಿನ ಗಾಳಿ ಉಬ್ಬಿದ್ದು ಕುಗ್ಗುವುದಾದರೂ ಎಲ್ಲಿ? ಬೆಂಕಿ ಹೆಚ್ಚಿಸಿದಷ್ಟೂ ಬೇಗ ನಿಲ್ಲುತ್ತಿದ್ದುದು ಅದಕ್ಕೇ. ಬಿಸಿಯನ್ನು ಬಿಸಿಯ ಜಾಗದಲ್ಲೇ ಹಿಡಿದಿಡುವ ಮಂದ ಲೋಹ ಬೇಕಿತ್ತು. ಕಾದ ತಾಮ್ರವನ್ನು ಆತ ಇಷ್ಟು ವರ್ಷ ಹಿಡಿದದ್ದು ಕಬ್ಬಿಣದ ಇಕ್ಕಳದಿಂದ. ಕೈ ಸುಡದೆ ಇರುವುದೇಕೆ ಎಂದು ಒಮ್ಮೆಯಾದರೂ ಕೇಳಿಕೊಂಡಿದ್ದನೇ? ವಿಲಾಯಿತಿಯವರಿಗೆ ತಾಮ್ರ ಸಿಗದೆ ಇದ್ದದ್ದಲ್ಲ, ತನಗೆ ಬುದ್ಧಿ ಸಿಗದೆ ಇದ್ದದ್ದು.

ತಾಮ್ರದವನು ಕಮ್ಮಾರನ ಹೊಸ್ತಿಲಿಗೆ ಹೋಗಬೇಕಾಯಿತು. ಕಮಲಾಪುರದ ಕಮ್ಮಾರ ಕಲ್ಯಾಣಪ್ಪ ತಿದಿ ಒತ್ತುವುದನ್ನು ನಿಲ್ಲಿಸಿ, ಬಂದವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಏನ್ ಅಳಿಯ ಸಾಹೇಬ್ರ, ಕುದುರಿ ತಂದೀರೇನು? ನಾಲ ಬಡೀಬೇಕೇನು?"

"ಕುದುರಿ ಇಲ್ಲ ಮಾವ. ನಾನೇ ಬಂದೀನಿ."

"ಹಂಗಾದ್ರ ಕಾಲ್ ಎತ್ರಿ."

ನಕ್ಕು ಮುಗಿದ ಮೇಲೆ ಕಲ್ಯಾಣಪ್ಪ ಕೆಲಸಕ್ಕೆ ಕುಳಿತ. ಮಾನಮ್ಮನ ಬಾವಿಯ ಪಕ್ಕ ಬಿದ್ದಿದ್ದ ಹಳೆಯ ಕಬ್ಬಿಣದ ಮೋಟೆಯನ್ನು, ಅಂದರೆ ಎತ್ತು ಎಳೆಯುವ ನೀರಿನ ದೊಡ್ಡ ಬಾನಿಯನ್ನು, ಬಿಚ್ಚಿ ತಂದು ತಗಡು ತೆಳ್ಳಗೆ ಬಡಿದು ಸುತ್ತಿದರು. ಮೊಳೆ ಹೊಡೆದ ಕಡೆಯೆಲ್ಲ ಗಾಳಿ ಸೋರಿತು. ಇಮಾಮುದ್ದೀನ್ ಹಿತ್ತಾಳೆಯ ಬೆಸುಗೆ ಹಾಕಿದ. ಕಬ್ಬಿಣಕ್ಕೆ ಬೆಸುಗೆ ಹಾಕುವಾಗ ಯಾರಾದರೂ ನೋಡುತ್ತಾರೇನೋ ಎಂದು ಒಮ್ಮೆ ತಿರುಗಿ ನೋಡಿದ. ಕಲ್ಯಾಣಪ್ಪ ನೋಡುತ್ತಲೇ ಇದ್ದ.

ಎರಡನೆಯ ಸಲ ಯಾರನ್ನೂ ಕರೆಯಲಿಲ್ಲ. ಮಾನಮ್ಮ ತನ್ನ ತೋಟಕ್ಕೆ ತಾನು ಬಂದಿದ್ದಳು. ಕುಲ್ಸುಮ್ ಬುತ್ತಿ ತಂದಿದ್ದಳು. ತೊಗರಿ ಕಟ್ಟಿಗೆ ಹೊತ್ತಿತು. ಕಬ್ಬಿಣದ ತಳ ಮಸುಕಾಗಿ ಕೆಂಪಾಯಿತು. ಇಮಾಮುದ್ದೀನ್ ಹೆದರುತ್ತ ಹೆದರುತ್ತ ತಲೆಯ ಕಡೆ ಅಂಗೈ ಇಟ್ಟ. ತೆಗೆಯಲಿಲ್ಲ. ತೆಗೆಯುವ ಅಗತ್ಯವೇ ಬೀಳಲಿಲ್ಲ.

ಗಾಲಿ ದೂಡಿದ. ತಿರುಗಿತು. ನಿಲ್ಲುವುದನ್ನೇ ನೋಡಿ ನೋಡಿ ರೂಢಿಯಾದ ಮನುಷ್ಯ, ಮತ್ತೆ ದೂಡಲೆಂದು ಕೈ ಚಾಚಿಕೊಂಡು ನಿಂತೇ ಇದ್ದ. ಗಾಲಿ ಅವನ ಕೈಗೆ ಕಾಯಲಿಲ್ಲ. ಟಕ್, ಟಕ್, ಟಕ್ ಎಂದು ತನ್ನ ಪಾಡಿಗೆ ತಾನು ತಿರುಗುತ್ತಿತ್ತು. ಕಾಲುವೆಯಲ್ಲಿ ಹೆಬ್ಬೆರಳಿನಷ್ಟು ದಪ್ಪ ನೀರು ನಡೆಯಿತು. ಬುತ್ತಿಯ ರೊಟ್ಟಿ ಆರುವ ತನಕ ನಡೆಯಿತು. ಆಮೇಲೂ ನಡೆಯಿತು.

ಮಾನಮ್ಮ ಬಗ್ಗಿ ನೀರು ನೋಡಿದಳು. "ಇಷ್ಟ ನೀರಿಗಿ ನನ್ನ ಬಾಳಿ ಕೆಂಪಾಗಂಗಿಲ್ಲೋ ಅಳಿಯಾ. ಆದ್ರ ನಾಚಿಕಿಂದ ಆಗಬೇಕು," ಎಂದಳು. ಬಾಯಿ ಹಾಗೆ ಅಂದರೂ ಕೈ ಆಗಲೇ ಸಲಿಕೆಯಿಂದ ಎಳೆ ಬಾಳೆ ಸಸಿಗಳ ಕಡೆ ಕಾಲುವೆ ತಿರುವುತ್ತಿತ್ತು.

ಕುಲ್ಸುಮ್ ಎಂಜಿನ್ ನೋಡಲಿಲ್ಲ. ಬದುವಿನ ಮೇಲೆ ಉರುಳಿಬಿದ್ದಿದ್ದ ತಾಮ್ರದ ಡಬ್ಬಿಯನ್ನು ತೋರಿಸಿದಳು.

"ಹಂಗಾದ್ರ ಇದು ಇನ್ನ ಬೇಕಿಲ್ಲೇನು?"

ಇಮಾಮುದ್ದೀನ್ ತಾಮ್ರ ನೋಡಿದ, ಹೆಂಡತಿಯನ್ನು ನೋಡಿದ. ಎಷ್ಟೋ ದಿನಗಳಿಂದ ಎದೆಯೊಳಗೆ ಮುಚ್ಚಿಟ್ಟಿದ್ದ ಗಾಳಿಯೆಲ್ಲ ಒಂದೇ ಸಲ ಹೊರಗೆ ಬಂತು.

"ಬ್ಯಾಡ," ಎಂದ. "ಒಂದು ಚೂರೂ ಬ್ಯಾಡ."

ಅತ್ತೆಯ ಅಂಗಳದಲ್ಲೇ ಕುಳಿತು ಹಂಡೆ ಬಡಿದ. ಕತ್ತರಿಸಿ ಉಳಿದಿದ್ದ ತುಂಡುಗಳನ್ನೂ ಅಂಗಡಿಯಿಂದ ತರಿಸಿಕೊಂಡ, ಕೊರಳು ಮಾತ್ರ ತುಸು ಗಿಡ್ಡವಾಯಿತು. ಹೊಟ್ಟೆಯ ಮೇಲೆ ಬೆಸುಗೆಯ ಗೆರೆಯೊಂದು ಉಳಿಯಿತು. ಬಷೀರುನ್ನೀಸಾ ಅದಕ್ಕೆ ನೀರು ತುಂಬಿಸಿ ಸುತ್ತ ಬೆರಳಾಡಿಸಿ ನೋಡಿದಳು. ಬೆರಳು ಒಣಗಿಯೇ ಇತ್ತು. "ಸೋರಂಗಿಲ್ಲ," ಎಂದು ತೀರ್ಪು ಕೊಟ್ಟಳು. ಆ ಮನೆಯಲ್ಲಿ ಅಳಿಯನಿಗೆ ಸಿಕ್ಕ ಬಿರುದುಗಳಲ್ಲಿ ಅದೇ ದೊಡ್ಡದು.

ಎಂಜಿನ್ ಮಾನಮ್ಮನ ತೋಟದಲ್ಲೇ ಉಳಿದು ಎಳೆ ಸಸಿಗಳಿಗೆ ನೀರು ಹಾಕುತ್ತ ವರ್ಷಗಳ ಕಾಲ ಟಕಟಕ ಅಂದಿತು. ದೊಡ್ಡ ಬಾಳೆಗೆ ಎತ್ತೇ ಬೇಕಾಯಿತು. ಎತ್ತಿಗೂ ಎಂಜಿನ್ನಿಗೂ ಜಗಳವಿರಲಿಲ್ಲ.

ತಿರುಗಿ ಹೋಗುವ ಗಾಡಿಯಲ್ಲಿ ಹಂಡೆ ನಡುವೆ, ಆಚೆ ಕುಲ್ಸುಮ್, ಈಚೆ ಇಮಾಮುದ್ದೀನ್. ದಾರಿಯ ಎಡಬಲ ತೊಗರಿ ಹೊಲ.

"ಮತ್ತ ಏನರ ಮಾಡೋ ವಿಚಾರ ಅದ ಏನ್ರಿ?" ಎಂದು ಕುಲ್ಸುಮ್ ಕೇಳಿದಳು.

"ಇಲ್ಲ."

"ಸುಳ್ಳ."

ಇಮಾಮುದ್ದೀನ್ ಹೊಲದ ಕಡೆ ನೋಡಿದ. "ಪಿಸ್ಟನ್ ಸ್ವಲ್ಪ ದೊಡ್ಡದು ಮಾಡಿದ್ರ, ಒಳಗಿನ ಡೋಲು ಇನ್ನಷ್ಟು ಹಗುರ..."

ಕುಲ್ಸುಮ್ ಎರಡೂ ಕೈಯಿಂದ ಹಂಡೆಯನ್ನು ತನ್ನ ಕಡೆ ಎಳೆದುಕೊಂಡಳು.

"ಮಾಡ್ರಿ," ಎಂದಳು. "ಕಲ್ಯಾಣಪ್ಪ ಮಾಮಾಗ ಹೇಳಿ ಮಾಡ್ರಿ."