ಹಗ್ಗ ಕಟ್ಟುವ ತನಕ ಮಾತಿಲ್ಲ

ನಮ್ಮೂರ ಧಕ್ಕೆಯ ಮೇಲೆ ಒಂದು ಕಲ್ಲುಬೆಂಚಿದೆ. ಬ್ರಾಚ್ ದ್ವೀಪದ ಈ ಮೂಲೆಯಲ್ಲಿ ಕೆಲಸ ಬಿಟ್ಟು ಕೂತ ಗಂಡಸರಿಗೆಲ್ಲ ಅದೇ ನಾಟಕಶಾಲೆ. ಸಂಜೆ ದೋಣಿಗಳು ಒಳಬರುವ ಹೊತ್ತಿಗೆ ನಾವೆಲ್ಲ ಬಾರ್ಬಾ, ಅಂದರೆ ದೊಡ್ಡಪ್ಪ, ಎಂದು ಕರೆಯುವ ಲುಕ್ಷಾ ತನ್ನ ಪಟಾಲಮ್ಮಿನೊಡನೆ ಅಲ್ಲಿ ಹಾಜರು. ಗಂಡ ಹಿಂದೆ ಚುಕ್ಕಾಣಿ ಹಿಡಿದು ಕಿರುಚುತ್ತಾನೆ, ಹೆಂಡತಿ ಮುಂದೆ ಹಗ್ಗ ಹಿಡಿದು ಅದಕ್ಕಿಂತ ಜೋರಾಗಿ ಕಿರುಚುತ್ತಾಳೆ, ಅಷ್ಟರಲ್ಲಿ ದೋಣಿ ಹೋಗಿ ಕಲ್ಲಿಗೆ ಬಡಿಯುತ್ತದೆ. ಎಷ್ಟೋ ಸಂಸಾರಗಳ ಮಾನ ಆ ಬೆಂಚಿನ ಮುಂದೆ ಹರಾಜಾಗಿದೆ.

ಪೆರಿನಾ ಮತ್ತು ವಿಟ್ಸ್ಕೊ ದಂಪತಿಯ ಮಾನ ಹೋದದ್ದು ಮೊದಲ ಬೇಸಿಗೆಯಲ್ಲೇ. ಅವಳು ಮೀನಿನ ಕಾರ್ಖಾನೆಯಲ್ಲಿ ದುಡಿದವಳು, ಅವನು ಹಡಗಿನ ಇಂಜಿನ್ ರಿಪೇರಿಯವನು. ನಿವೃತ್ತಿಯಾದ ಮೇಲೆ ಆಸ್ಟ್ರಿಯಾದ ಮುದುಕನೊಬ್ಬನಿಂದ ಒಂದು ಹಳೆಯ ಪುಟ್ಟ ಹಾಯಿದೋಣಿ ಕೊಂಡರು. ಅದರ ಹೆಸರು ಗ್ರೆಟಾ. ದೋಣಿಯ ಹೆಸರು ಬದಲಿಸಿದರೆ ಕೇಡು ಎಂದು ನಮ್ಮಲ್ಲಿ ಯಾರೂ ಬದಲಿಸುವುದಿಲ್ಲ.

"ಜೀವಮಾನವೆಲ್ಲ ಸಾರ್ಡೀನಿನ ತಲೆ ಕತ್ತರಿಸಿದ್ದು, ಕೊನೆಗಾಲದಲ್ಲಿ ಸವತಿ ಹೊಟ್ಟೇಲಿ ಮಲಗೋಕಾ?" ಎಂದಿದ್ದಳು ಪೆರಿನಾ.

"ಗ್ರೆಟಾ ನಿನ್ನ ಹಾಗೆ ಗೊರಕೆ ಹೊಡೆಯಲ್ಲ ಬಿಡು" ಎಂದಿದ್ದ ಅವನು.

ಆದರೂ ಬೇಸಿಗೆಯೆಲ್ಲ ಇಬ್ಬರೂ ಅದರೊಳಗೇ. ಒಂದು ಕೊಲ್ಲಿಯಿಂದ ಇನ್ನೊಂದಕ್ಕೆ ಹೋಗುವುದು, ದಡದ ಪೈನ್ ಮರಕ್ಕೆ ಹಗ್ಗ ಬಿಗಿದು ಈಜುವುದು, ಮಂಡಿ ಮಡಚಿಕೊಂಡು ಕೂರುವಷ್ಟು ಜಾಗದಲ್ಲಿ ಮೀನು ಹುರಿದು ತಿನ್ನುವುದು. ನಡುಗಡಲಲ್ಲಿ ಅವರು ಪಾರಿವಾಳದ ಜೋಡಿ. ಧಕ್ಕೆ ಹತ್ತಿರ ಬಂತೆಂದರೆ ಮಾತ್ರ ಬೀದಿಜಗಳ. ಒಂದು ಸಲ ಅವನು ಬಲ ಅಂದ, ಅವಳು ಎಡಕ್ಕೆ ತಳ್ಳಿದಳು, ಗ್ರೆಟಾಳ ಮೂತಿ ಕಿತ್ತುಹೋಯಿತು. ಬೆಂಚು ಎದ್ದು ನಿಂತು ಚಪ್ಪಾಳೆ ತಟ್ಟಿತು. ಆ ರಾತ್ರಿ ಅವಮಾನ ತಡೆಯಲಾರದೆ ಇಬ್ಬರೂ ಒಂದು ಕಟ್ಟಳೆ ಮಾಡಿಕೊಂಡರು: ಬಂದರಿನ ದೀಪ ದಾಟಿದ ಮೇಲೆ ಹಗ್ಗ ಕಟ್ಟುವ ತನಕ ಯಾರೂ ತುಟಿ ಬಿಚ್ಚಕೂಡದು. ಮೊದಲ ಮಾತು ಅವನದು, "ಕಟ್ಟಿದ್ಯಾ?" ಉತ್ತರ ಅವಳದು, "ಕಟ್ಟಿದೀನಿ." ಅಲ್ಲಿಂದಾಚೆ ಎಷ್ಟು ಬೇಕಾದರೂ ಕಚ್ಚಾಡಬಹುದು.

ಕಟ್ಟಳೆ ಗೆದ್ದಿತು. "ಮೌನವ್ರತದ ಮಠದೋರು ಬಂದ್ರಪ್ಪಾ" ಎಂದು ಲುಕ್ಷಾ ಛೇಡಿಸುತ್ತಿದ್ದ. ಒಳಗೊಳಗೇ ಅವನಿಗೆ ನಿರಾಸೆ. ಪೆರಿನಾ ಮೂಗು ಮೇಲೆ ಮಾಡಿಕೊಂಡು ಬೆಂಚಿನ ಮುಂದೆ ಹಾದುಹೋಗುತ್ತಿದ್ದಳು. ಆ ಜಂಬವೇ ಅವಳಿಗೆ ಮುಳುವಾಯಿತು.

ಹೋದ ಸೆಪ್ಟೆಂಬರಿನ ಒಂದು ಬೆಳಿಗ್ಗೆ, ಕಾಫಿ ಕುಡಿಯುವಾಗ ಅವಳೇ ಮಾತು ತೆಗೆದಳು. "ನಿನಗೆ ಮೊದಲಿನ ಹಾಗೆ ಆಗಲ್ಲ. ಗ್ರೆಟಾನ ಮಾರಿಬಿಡೋಣ ಕಣೋ." ವಿಟ್ಸ್ಕೊ ಲೋಟ ಕುಕ್ಕಿದ. ಮುಖ ಊದಿಸಿಕೊಂಡು ಇಡೀ ದಿನ ಹಾಯಿ ನೋಡುತ್ತ ಕೂತ. ಅವಳೂ ಬಿಡಲಿಲ್ಲ, ಬಿಗಿದುಕೊಂಡೇ ಇದ್ದಳು.

ಸಂಜೆ ಬಂದರು ಹೊಕ್ಕರು. ಅವಳು ಎಂದಿನಂತೆ ಮುಂದೆ, ಅವನಿಗೆ ಬೆನ್ನು ಹಾಕಿ, ಹಗ್ಗ ಹಿಡಿದು ನಿಂತಿದ್ದಳು. ದೋಣಿ ಸ್ವಲ್ಪ ವಾಲಿಕೊಂಡು ಬಂದು ಕಲ್ಲಿಗೆ ತಾಗಿತು. ಬೇಕಂತಲೇ ಮಾಡಿದ ಎಂದುಕೊಂಡು ಹಲ್ಲು ಕಡಿದಳು. ಧಕ್ಕೆಗೆ ಹಾರಿ ಹಗ್ಗ ಬಿಗಿದಳು. "ಕಟ್ಟಿದ್ಯಾ?" ಬರಲಿಲ್ಲ. ಓಹೋ, ಇಷ್ಟು ಕೊಬ್ಬಾ, ಇರಲಿ, ನಾನೇನು ಮೊದಲು ಮಾತಾಡ್ತೀನಾ? ಅವನತ್ತ ಮುಖ ಸಹ ತಿರುಗಿಸದೆ ಮತ್ತೆ ದೋಣಿ ಹತ್ತಿ ಮುಂದಿನ ಹಾಯಿ ಮಡಚಿದಳು. ಒದ್ದೆ ಬಟ್ಟೆ ಒಣಹಾಕಿದಳು. ಬೆಂಚು ನೋಡುತ್ತಿದೆಯೆಂದು ಇನ್ನಷ್ಟು ನಿಧಾನವಾಗಿ, ಮಡಿಕೆಗೆ ಮಡಿಕೆ ಸೇರಿಸಿ.

ಕೊನೆಗೆ ಅವನ ಟೋಪಿಯನ್ನು ಅವನ ತೊಡೆಯ ಮೇಲೆ ಎಸೆದಳು. ಅದು ಜಾರಿ ನೆಲಕ್ಕೆ ಬಿತ್ತು. ಅವನು ಬಗ್ಗಲಿಲ್ಲ. ಆಗ ನೋಡಿದಳು. ಬಲಗೈ ಚುಕ್ಕಾಣಿಯಿಂದ ಕಳಚಿ ಜೋತುಬಿದ್ದಿತ್ತು, ಬಾಯಿ ಒಂದು ಕಡೆಗೆ ಸೊಟ್ಟಗಾಗಿ ಜೊಲ್ಲು ಇಳಿಯುತ್ತಿತ್ತು. ಕಣ್ಣು ಮಾತ್ರ ಅವಳನ್ನೇ ನೋಡುತ್ತಿತ್ತು.

ಅವಳ ಚೀತ್ಕಾರಕ್ಕೆ ಬೆಂಚಿಗೆ ಬೆಂಚೇ ಓಡಿಬಂತು. ಲುಕ್ಷಾನೇ ಅವನನ್ನು ಹೊತ್ತು ಇಳಿಸಿದ. ಎದುರು ದಡದ ಸ್ಪ್ಲಿಟ್ ಪಟ್ಟಣದ ಆಸ್ಪತ್ರೆಯಲ್ಲಿ ವೈದ್ಯೆ ಕೇಳಿದ್ದು ಒಂದೇ ಪ್ರಶ್ನೆ. "ಯಾವಾಗ ಶುರುವಾಯ್ತಮ್ಮಾ?" ಜೀವ ಉಳಿಯಿತು. ಮಾತು ಹೋಯಿತು, ಬಲಗೈಯೂ ಹೋಯಿತು.

ಅಂದಿನಿಂದ ಅವಳನ್ನು ಕೊರೆದದ್ದು ಒಂದೇ ಸಂಗತಿ. ಅವನು ಕರೆದಿದ್ದನೇ? ನಾನು ಕೇಳಿಯೂ ಸಿಟ್ಟಿನಲ್ಲಿ ತಿರುಗದೆ ಹೋದೆನೇ? ಚಮಚದಲ್ಲಿ ಗಂಜಿ ಕುಡಿಸುವಾಗ, ಗಡ್ಡ ಹೆರೆಯುವಾಗ, "ಅವತ್ತು ಕೂಗಿದ್ಯಾ ವಿಟ್ಸ್ಕೊ? ಹೂಂ ಅನ್ನು, ಇಲ್ಲಾಂತಾದ್ರೂ ತಲೆ ಆಡಿಸು" ಎಂದು ಗೋಗರೆಯುತ್ತಿದ್ದಳು. ಅವನು ಮುಖ ಗೋಡೆಗೆ ತಿರುಗಿಸುತ್ತಿದ್ದ. ಅದಕ್ಕೆ ಅವಳು ಒಂದೇ ಅರ್ಥ ಮಾಡಿಕೊಂಡಳು: ಕೂಗಿದ್ದಾನೆ, ಕ್ಷಮಿಸಿಲ್ಲ. ಚಳಿಗಾಲವಿಡೀ ಅವಳು ನೆಟ್ಟಗೆ ಉಣ್ಣಲಿಲ್ಲ. ಚರ್ಚಿಗೆ ಹೋದರೂ ಮೇಣದಬತ್ತಿ ಹಚ್ಚಲು ಕೈ ಬರುತ್ತಿರಲಿಲ್ಲ.

ಜೂನ್ ಬಂತು. ದೋಣಿ ಮಾರು ಎಂದು ಎಲ್ಲರೂ ಹೇಳಿದರು. ಒಂದು ದಿನ ಅವಳು ಹುಚ್ಚು ಹಿಡಿದವಳ ಹಾಗೆ ಅವನನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದು, ಲುಕ್ಷಾನ ಕೈಯಲ್ಲಿ ಗ್ರೆಟಾಗೆ ಹತ್ತಿಸಿದಳು.

"ಎಲ್ಲಿಗೆ ಪೆರಿನಾ? ಚುಕ್ಕಾಣಿ ಯಾರು ಹಿಡೀತಾರೆ?"

"ನಿಮ್ಮಜ್ಜಿ ಹಿಡೀತಾಳೆ. ಸರಿ ಬಾರ್ಬಾ, ಪಕ್ಕಕ್ಕೆ."

ಹಾಯಿ ಬಿಚ್ಚುವ ಧೈರ್ಯವಾಗಲಿಲ್ಲ. ಬರೀ ಇಂಜಿನ್ನಿನಲ್ಲಿ ಹತ್ತಿರದ ಕೊಲ್ಲಿಯ ತನಕ ಹೋಗಿ ಮರಳಿದಳು. ಅವನು ನೀರನ್ನು ನೋಡುತ್ತ ಕೂತಿದ್ದ, ಕೆನ್ನೆಯ ಮೇಲೆ ಕಣ್ಣೀರೋ ಕಡಲ ಹನಿಯೋ. ಬಂದರಿನ ದೀಪ ದಾಟಿತು. ಕಲ್ಲುಗೋಡೆ ಮೈಮೇಲೆ ಬರುವಂತೆ ಬಂತು. ಪೆರಿನಾಗೆ ಕಟ್ಟಳೆ ಮರೆತೇಹೋಯಿತು.

"ಹೇಳೋ! ಎಡಕ್ಕಾ ಬಲಕ್ಕಾ? ಏನಾದ್ರೂ ಹೇಳೋ ದೇವ್ರಾಣೆಗೂ! ಅವತ್ತು ಕೂಗಿದ್ಯಾ ನೀನು? ಕೂಗಿದ್ಯಾ?"

ವಿಟ್ಸ್ಕೊ ಎಡಗೈ ಎತ್ತಿದ. ತೋರುಬೆರಳನ್ನು ಸೊಟ್ಟ ತುಟಿಯ ಮೇಲಿಟ್ಟ. ಆಮೇಲೆ ಅದೇ ಬೆರಳಿನಿಂದ ಬೆಂಚನ್ನು ತೋರಿಸಿದ. ಮೆಲ್ಲಗೆ, ಎರಡು ಸಲ, ಇಲ್ಲವೆಂದು ತಲೆಯಾಡಿಸಿದ.

ಅವಳಿಗೆ ಅರ್ಥವಾಯಿತು. ಕೈ ಜೋಮು ಹಿಡಿದಾಗ ಅವನಿಗೆ ಇನ್ನೂ ಬಾಯಿತ್ತು. ಕೂಗಬಹುದಿತ್ತು. ಹಗ್ಗ ಕಟ್ಟಲಿ ಎಂದು ಕಾದಿದ್ದ. ನಾಲ್ಕು ಜನ ಮುದುಕರು ನಕ್ಕಾರೆಂದು ಬಾಯಿ ಮುಚ್ಚಿಕೊಂಡಿದ್ದ. ಗೋಡೆಗೆ ಮುಖ ಹಾಕಿದ್ದು ಅವಳ ಮೇಲಿನ ಮುನಿಸಿಗಲ್ಲ, ನಾಚಿಕೆಗೆ.

"ಕತ್ತೆ! ಮುಟ್ಠಾಳ! ಕೂಗಬೇಕಿತ್ತು ಕಣೋ! ಊರೆಲ್ಲ ನಗಲಿ, ಕೂಗಬೇಕಿತ್ತು!" ಅವಳು ಎದೆ ಬಡಿದುಕೊಂಡು ಅರಚಿದಳು. ಗ್ರೆಟಾ ಹೋಗಿ ಕಲ್ಲಿಗೆ ದಡ್ ಎಂದು ಬಡಿಯಿತು. ಬೆಂಚಿನಲ್ಲಿ ಯಾರೂ ನಗಲಿಲ್ಲ. ಲುಕ್ಷಾ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ.

ಅವಳು ತಡವರಿಸುತ್ತ ಧಕ್ಕೆಗೆ ಇಳಿದು, ಕಬ್ಬಿಣದ ಗೂಟಕ್ಕೆ ಹಗ್ಗ ಸುತ್ತಿದಳು. ತಿರುಗಿ ಅವನನ್ನೇ ನೋಡುತ್ತ ನಿಂತಳು. ಅವನ ತುಟಿ ಅದುರಿತು. ಸದ್ದು ಹೊರಡಲಿಲ್ಲ.

"ಕಟ್ಟಿದೀನಿ" ಎಂದಳು ಪೆರಿನಾ. "ಕಟ್ಟಿದೀನಿ ಕಣೋ."