ಒಂದೇ ಅಡ್ಡಹೆಸರಿನ ಪುಸ್ತಕಗಳು

ಹೊದೆಯದೆ ಇಟ್ಟ ಕಂಬಳಿಗೆ ಹುಣಸೆ ಬೀಜದ ಗಂಜಿಯ ವಾಸನೆ ಇರುತ್ತದೆ, ಅದರಡಿಯಲ್ಲಿ ಕುರಿಯದು. ಹೋದ ವಾರ ನನ್ನ ಮೇಜಿನ ಮೇಲೆ ಬಿಚ್ಚಿಕೊಂಡ ಕರಿ ಕಂಬಳಿಯಲ್ಲಿ ಎರಡೂ ಇದ್ದವು, ಜೊತೆಗೆ ಹಳೆ ಕಾಗದದ ಕಮಟೂ ಸೇರಿತ್ತು. ಗೋಕಾಕದ ಒಂದು ಕಾಲೇಜಿನಲ್ಲಿ ಗ್ರಂಥಾಲಯ ನೋಡಿಕೊಳ್ಳುವವಳು ನಾನು. ಹಳೆ ಕಾಗದದ ವಾಸನೆಯನ್ನು ನನ್ನ ಮೂಗು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆದರೆ ಆ ಕಂಬಳಿ... ಅದನ್ನು ನಾನು ಬಲ್ಲೆ. ಹುಕ್ಕೇರಿಯವರೆಗೆ ನನ್ನ ತೊಡೆಯ ಮೇಲೆ ಕೂತು ಹೋಗಿ, ಮಡಿಕೆ ಬಿಚ್ಚದೆ ಮರಳಿ ಬಂದ ಕಂಬಳಿ ಅದು.

ತಂದವನು ಅಕ್ಕೋರ ಅಣ್ಣನ ಮಗ. "ಅತ್ತಿ ಮನಿ ಖಾಲಿ ಮಾಡಾಕತ್ತೇವ್ರಿ ಬಾಯಾರ. ಈ ಪುಸ್ತಕ ನಿಮಗ ಮುಟ್ಟಸಂತ ಅಪ್ಪ ಹೇಳ್ಯಾನ," ಎಂದು ಕಂಬಳಿಯ ಗಂಟನ್ನು ಇಳಿಸಿ ಕುರ್ಚಿಯ ತುದಿಗೆ ಕೂತ. ನಾನು ಚಹಾ ತರಿಸಿದೆ.

ಸಾಲೆಯಲ್ಲಿ ಕಲಿಸುವ ಹೆಂಗಸಿಗೆ ನಮ್ಮ ಕಡೆ ಅಕ್ಕೋರು ಅನ್ನುತ್ತಾರೆ. ಮೂಡಲಗಿಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಬಾಜೂ ಮನೆ ಅವರದು. ಆಗಲೇ ನಿವೃತ್ತರಾಗಿದ್ದರು, ಮದುವೆ ಮಾಡಿಕೊಂಡಿರಲಿಲ್ಲ. ಓಣಿಯ ಅರ್ಧ ಗಂಡಸರ ಕಿವಿ ಒಂದಲ್ಲ ಒಂದು ಕಾಲಕ್ಕೆ ಅವರ ಕೈಯಲ್ಲಿ ಕೆಂಪಾಗಿದ್ದವು. ಮೀಸೆ ನರೆತವರೂ ಅವರನ್ನು ಕಂಡರೆ ಸೈಕಲ್ ಮೋಟಾರಿನಿಂದ ಇಳಿದು ನಿಲ್ಲುತ್ತಿದ್ದರು. ನಾನು ಗ್ರಂಥಾಲಯದವಳೆಂದು ಗೊತ್ತಾದ ದಿನವೇ ನಮ್ಮ ಬಾಗಿಲಿಗೆ ಬಂದರು. ಉಪ್ಪಿನಕಾಯಿ ಕೊಡಲು ಬಂದರೇನೋ ಎಂದು ಬಟ್ಟಲು ಹುಡುಕಿದೆ.

"ನಿಮ್ಮಲ್ಲಿ ಕುಲಗೋಡ ಅನ್ನೋ ಅಡ್ಡಹೆಸರಿನವ್ರು ಬರದ ಪುಸ್ತಕ ಅದಾವೇನ ತಂಗಿ?"

"ಯಾವ ವಿಷಯದ್ದು ಬೇಕ್ರಿ ಅಕ್ಕೋರ?"

"ಯಾವದರ ಆಗ್ಲಿ."

ವಿಷಯ ಯಾವುದಾದರೂ ಸರಿ, ಬರೆದವನ ಅಡ್ಡಹೆಸರು ಮಾತ್ರ ಇದೇ ಇರಬೇಕು ಅನ್ನುವ ಓದುಗರನ್ನು ನಾನು ಅದುವರೆಗೆ ಕಂಡಿರಲಿಲ್ಲ. ತಲೆ ಸ್ವಲ್ಪ ಸಡಿಲಾಗಿರಬೇಕು ಅಂದುಕೊಂಡೆ. ಅವರ ಮನೆಯ ಕಪಾಟು ನೋಡಿದಾಗ ಆ ಅನುಮಾನ ಇನ್ನೂ ಗಟ್ಟಿಯಾಯಿತು. ಕುರಿಗಳ ರೋಗದ ಮೇಲೆ ಒಂದು ಕೈಪಿಡಿ, ಯಾವುದೋ ವಾಡೆಯ ಮೋಡಿ ಲಿಪಿಯ ಕಾಗದಗಳಿಗೆ ಮಾಡಿದ ಮರಾಠಿ ಸೂಚಿ, ಹಳೆ ಶಾಸನಗಳ ಮೇಲೊಂದು ಪ್ರಬಂಧ, ರೇಖಾಗಣಿತ, ಕಬ್ಬಿನ ಬೇರಿಗೆ ಹತ್ತುವ ಹುಳದ ಮೇಲೊಂದು. ಒಂದಕ್ಕೊಂದು ಬೀಗರೂ ಅಲ್ಲ, ನೆಂಟರೂ ಅಲ್ಲ. ಎಲ್ಲದರ ಬೆನ್ನಿನ ಮೇಲೂ ಕುಲಗೋಡ. ಎಲ್ಲವನ್ನೂ ಅವರು ಓದಿದ್ದರು, ಕಬ್ಬಿನ ಹುಳವನ್ನೂ ಬಿಟ್ಟಿರಲಿಲ್ಲ.

ಕಾರಣ ತಿಳಿಯಲು ಕೆಲವು ತಿಂಗಳು ಬೇಕಾದವು. ಅಕ್ಕೋರದು ಕುಲಗೋಡದ ಕುರಿಗಾರರ ಮನೆತನ. ಅವರಿಗೊಬ್ಬ ತಮ್ಮನಿದ್ದ. ಅಕ್ಕ ಗೋಕಾಕದ ಸೋದರಮಾವನ ಮನೆಯಲ್ಲಿದ್ದು ಕಲಿತಳು; ತಮ್ಮ ಸಾಲೆ ಬಿಟ್ಟು ಅಪ್ಪನ ಕುರಿ ಹಿಂದೆ ನಡೆದ. ಸಾಲೆಗೆ ಸೂಟಿ ಬಿಟ್ಟು ಊರಿಗೆ ಬಂದಾಗೆಲ್ಲ ಅಕ್ಕ ಹಟ್ಟಿಯಲ್ಲಿ ಕೂತು ಅವನಿಗೆ ಕಲಿಸುತ್ತಿದ್ದಳು. ಬೆಲ್ಲ ಕಟ್ಟಿಕೊಟ್ಟ ಕಾಗದವನ್ನೂ ಬಿಡಿಸಿ ಓದುವ ಹುಡುಗ. ಮುಂದೆ ಕಲಿಯುತ್ತೇನೆಂದು ಹಟ ಹಿಡಿದ, ಅಪ್ಪ ಕೋಲು ಎತ್ತಿದ. ಒಂದು ಬೇಸಿಗೆ ಹಿಂಡು ಬೇರೆ ಊರಿನ ಹೊಲದಲ್ಲಿ ಗೊಬ್ಬರಕ್ಕೆಂದು ಕೂತಿದ್ದಾಗ ಅವನು ಎದ್ದು ನಡೆದುಬಿಟ್ಟ. ಕುರಿ ಬಂದವು, ನಾಯಿ ಬಂತು, ಅವನು ಬರಲಿಲ್ಲ.

ಕುಲಗೋಡದಲ್ಲಿ ಇರುವವರಿಗೆ ಕುಲಗೋಡ ಅನ್ನುವ ಅಡ್ಡಹೆಸರು ಯಾತಕ್ಕೆ ಬೇಕು? ಅಲ್ಲಿ ಮನೆತನದ ಹೆಸರು ನಡೆಯುತ್ತದೆ. ಊರು ಬಿಟ್ಟು ಹೋದವನಿಗೆ ಹೋದಲ್ಲಿನ ಜನ ಬಿಟ್ಟ ಊರನ್ನೇ ಹೆಸರಿಗೆ ಅಂಟಿಸುತ್ತಾರೆ. ಗೋಕಾಕದಲ್ಲಿರುವ ಹುಕ್ಕೇರಿಯವರು, ಹುಕ್ಕೇರಿಯಲ್ಲಿರುವ ಕಲ್ಲೋಳಿಯವರು ಎಲ್ಲ ಹೀಗೆ ಆದವರೇ. ಅಕ್ಕೋರ ಲೆಕ್ಕ ಇಷ್ಟೇ: ತಮ್ಮ ಎಲ್ಲಿದ್ದರೂ ಕುಲಗೋಡ ಆಗಿರುತ್ತಾನೆ, ಕಲಿಯಲೆಂದೇ ಹೋದವನು ಕಲಿತೇ ಇರುತ್ತಾನೆ, ಕಲಿತವನು ಏನಾದರೂ ಬರೆದೇ ಬರೆದಿರುತ್ತಾನೆ.

ಆ ಪುಸ್ತಕಗಳಿಂದ ಅವರು ತಮ್ಮನಿಗೊಂದು ಬಾಳುವೆಯನ್ನೇ ಹೊಲಿದುಬಿಟ್ಟಿದ್ದರು. ಮೊದಲು ಕುರಿ ರೋಗದ ಪುಸ್ತಕ, ಬಾಲ್ಯದ್ದು ಮರೆತಿರಲಿಲ್ಲವಲ್ಲ. ಆಮೇಲೆ ಪುಣೆಗೆ ಹೋಗಿ ಮೋಡಿ ಕಲಿತ. ಮರಳಿ ಬಂದು ಶಾಸನ ಓದಿದ, ನಡುವೆ ಹೊಟ್ಟೆಪಾಡಿಗೆ ಮಕ್ಕಳಿಗೆ ರೇಖಾಗಣಿತ. ಹೆಸರಿನ ಮೊದಲ ಅಕ್ಷರಗಳೇ ಒಂದಕ್ಕೊಂದು ಕೂಡುವುದಿಲ್ಲ ಎಂದು ನಾನೊಮ್ಮೆ ಹೇಳಹೋದೆ. "ಅಪ್ಪನ ಅಂಜಿಕಿಗೆ ಹೆಸರು ಬದಲ ಮಾಡ್ಕೊಂಡಿರ್ತಾನ," ಅಂದರು. ಮುಖ ನೋಡಿದೆ. ನನಗಿಂತ ಚೆನ್ನಾಗಿ ಅವರಿಗೇ ಗೊತ್ತಿತ್ತು, ಇದು ನಿಲ್ಲುವ ಮಾತಲ್ಲ ಎಂದು. ಆದರೆ ಬಿಟ್ಟರೆ ಕೈಯಲ್ಲಿ ಬೇರೇನು ಉಳಿಯುತ್ತಿತ್ತು?

ಯಾಕೆಂದರೆ ಪ್ರತಿ ವರ್ಷ ಮಾನವಮಿ ಅಮಾವಾಸ್ಯೆಗೆ ಕುಲಗೋಡದ ಮನೆಯಲ್ಲಿ ಅದೇ ಜಗಳ. ಅಂದು ತೀರಿದ ಹಿರಿಯರಿಗೆ ಬಟ್ಟೆ ಇಟ್ಟು ಎಡೆ ಹಿಡಿಯುತ್ತಾರೆ. ಇಷ್ಟು ವರ್ಷ ಬಾರದವನು ಇನ್ನೆಲ್ಲಿ ಇದ್ದಾನು, ಎಡೆ ಇಲ್ಲದೆ ಅವನ ಜೀವ ಅಲೆಯುವುದು ಬೇಡ ಎಂದು ಅಣ್ಣ. ಇದ್ದವನಿಗೆ ಎಡೆ ಇಟ್ಟರೆ ನಮ್ಮ ಕೈಯಾರೆ ಕೊಂದಂತೆ ಎಂದು ಅಕ್ಕೋರು. ಅಣ್ಣ ಕೆಟ್ಟವನಲ್ಲ, ಅವನಿಗೂ ತಮ್ಮನೇ. ಹಬ್ಬಕ್ಕೆ ಎರಡು ದಿನ ಮೊದಲೇ ಅಕ್ಕೋರು ಬಸ್ಸು ಹತ್ತಿ ಹೋಗಿ ದೇವರ ಕೋಣೆಯ ಬಾಗಿಲಲ್ಲಿ ಕೂತುಬಿಡುತ್ತಿದ್ದರು. ಧೋತರ ಎಷ್ಟು ಬಂದಿವೆ ಎಂದು ನೋಡಿ, ತಮ್ಮನ ಹೆಸರಿನದು ಇಲ್ಲ ಅಂತ ಖಾತ್ರಿ ಆದ ಮೇಲೆಯೇ ಊಟ.

ಆಮೇಲೊಮ್ಮೆ, ಹಳೆ ದಫ್ತರಗಳ ಯಾದಿ ಮಾಡಿದ ಒಬ್ಬ ಕುಲಗೋಡ ಹುಕ್ಕೇರಿಯಲ್ಲೇ ಇದ್ದಾರೆಂದು ನನಗೆ ಗೊತ್ತಾಯಿತು. ಹೆಸರಿನ ಮೊದಲ ಅಕ್ಷರ ತಮ್ಮನದಕ್ಕೆ ಕೂಡಿತು. ವಯಸ್ಸೂ ಹೆಚ್ಚುಕಡಿಮೆ ಅದೇ. ಫೋನ್ ಮಾಡೋಣ ಅಂದರೆ ಅಕ್ಕೋರು ಒಪ್ಪಲಿಲ್ಲ. "ಫೋನಿನ್ಯಾಗ ಏನಂತ ಕೇಳ್ಲಿ ತಂಗಿ, ನೀ ನನ್ನ ತಮ್ಮ ಏನು ಅಂತನ?" ಇಳಕಲ್ ಸೀರೆ ಉಟ್ಟರು. ಗೋಕಾಕದಲ್ಲಿ ಇಳಿದು ಕರದಂಟು ಕಟ್ಟಿಸಿದರು. ತಮ್ಮನಿಗೆಂದು ಕಂಬಳಿ ಮೊದಲೇ ತಂದಿಟ್ಟಿದ್ದರು. ದಾರಿಯುದ್ದಕ್ಕೂ ಪರೀಕ್ಷೆಗೆ ಹೊರಟ ಹುಡುಗಿಯ ಹಾಗೆ ಸೆರಗಿನ ತುದಿ ಸುತ್ತುತ್ತಿದ್ದರು.

ತಮ್ಮನ ಎಡಗಿವಿಯನ್ನು ಚಿಕ್ಕಂದಿನಲ್ಲಿ ಟಗರು ಹರಿದಿತ್ತಂತೆ. ಬಾಗಿಲು ತೆಗೆದ ಮುದುಕರ ಕಿವಿ ನೆಟ್ಟಗಿತ್ತು. ಅಕ್ಕೋರು ಮೆಟ್ಟಿಲ ಮೇಲಿಂದಲೇ ಅದನ್ನು ನೋಡಿದರು. ಆಮೇಲೆ ಕರದಂಟಿನ ಪೊಟ್ಟಣವನ್ನು ಅವರ ಕೈಗಿಟ್ಟು ಒಳಗೆ ಹೋದರು.

ಆ ಮನುಷ್ಯ ಬಹಳ ಸಜ್ಜನ. ಇಬ್ಬರಿಗೂ ಚಾಪೆ ಹಾಸಿದರು, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ಕುಲಗೋಡದಲ್ಲಿ ಯಾರ ಪೈಕಿ ಎಂದು ಅಕ್ಕೋರು ಕೇಳಿದಾಗ ನಕ್ಕರು.

"ಖರೆ ಹೇಳ್ಬೇಕಂದ್ರ ನಮ್ಮೂರು ಕುಲಗೋಡ ಅಲ್ರಿ ಅಕ್ಕೋರ. ನಮ್ಮ ಅಜ್ಜ ಎಲ್ಲೋ ಕೃಷ್ಣಾ ದಂಡಿಯಾಗ ಹುಟ್ಟಿದಾಂವ. ಕುಲಗೋಡದಾಗ ಒಂದೆರಡ ಸುಗ್ಗಿ ದುಡದು ಇಲ್ಲಿಗೆ ಬಂದ. ಎಲ್ಲಿಂದ ಬಂದಿಪಾ ಅಂತ ಕೇಳಿದ್ರಂತ. ಹಿಂದಿನ ಊರಿನ ಹೆಸರು ಹೇಳ್ಯಾನ, ಅದ ನಿಂತತಿ."

ಮರಳುವ ಬಸ್ಸು ಬೆಲ್ಲದ ಬಾಗೇವಾಡಿಯಲ್ಲಿ ನಿಂತಿತು. ಜನ ಇಳಿದರು, ಹತ್ತಿದರು. ಅಕ್ಕೋರು ಕಿಟಕಿಯಿಂದ ಊರಿನ ಫಲಕವನ್ನೇ ನೋಡುತ್ತಿದ್ದರು. ಬಸ್ಸು ಬಿಟ್ಟ ಮೇಲೆ ನನ್ನ ಕೈ ಹಿಡಿದರು.

"ಆ ವರ್ಷ ಕುರಿ ಇಲ್ಲೇ ಕುಂತಿದ್ವು ತಂಗಿ. ಇಲ್ಲಿಂದನ ಹ್ವಾದ ಅಂವಾ. ಎಲ್ಲಿಂದ ಬಂದಿ ಅಂತ ಯಾರರ ಕೇಳಿದ್ರ ಕುಲಗೋಡ ಅಂತಿದ್ದಿಲ್ಲ, ಅಪ್ಪ ಹುಡುಕ್ಕೋತ ಬರತಾನಂತ. ಬಾಗೇವಾಡಿ ಅಂದಿರ್ತಾನ..."

ಇಷ್ಟು ವರ್ಷ ಯಾರ್‍ಯಾರದೋ ತಮ್ಮಂದಿರು ಬರೆದದ್ದನ್ನು ಓದುತ್ತ ಕೂತಿದ್ದೆ ಎಂದು ಅವರಿಗೆ ಅನ್ನಿಸಿತ್ತು, ಅದು ನಿಜವೂ ಆಗಿತ್ತು. ಕುಲಗೋಡರು ಹುಡುಕಿದರೆ ಸಿಗುವಷ್ಟು ಜನ. ಬಾಗೇವಾಡಿ ಹೆಸರಿನ ಊರುಗಳೇ ಈ ಸೀಮೆಯಲ್ಲಿ ಹಲವು, ಆ ಅಡ್ಡಹೆಸರಿನವರಂತೂ ಓಣಿಗೊಬ್ಬರು. ಮರುದಿನ ಗ್ರಂಥಾಲಯದಲ್ಲಿ ಕೂತು ಆ ಹೆಸರು ಹಾಕಿ ಹುಡುಕಿದೆ. ಪರದೆ ಸರಿಯುತ್ತಲೇ ಹೋಯಿತು. ವೈದ್ಯ, ವಚನ, ಭೂಗೋಳ, ಕಾಯಿದೆ, ಹತ್ತಿ, ಜನಪದ... ನನಗೇ ಅಳು ಬಂತು.

"ಎಷ್ಟ ಅದಾವ?" ಎಂದು ಸಂಜೆ ಕೇಳಿದರು.

"ಭಾಳ ಅದಾವ್ರಿ ಅಕ್ಕೋರ."

"ಹಂಗಾರ ಜಲ್ದಿ ಸುರು ಮಾಡೂಣು."

ಆ ಜಲ್ದಿ ಅನ್ನುವ ಮಾತು ಇವತ್ತಿಗೂ ನನ್ನ ಎದೆಯಲ್ಲಿ ಚುಚ್ಚುತ್ತದೆ. ಆಗಲೇ ಅವರ ಕಣ್ಣಿಗೆ ಪೊರೆ ಬಂದಿತ್ತು, ಉಸಿರಿಗೆ ಬಲವಿರಲಿಲ್ಲ. ನಾನು ತಂದು ತಂದು ಓದಿ ಹೇಳುತ್ತಿದ್ದೆ. ಅವರು ಗೋಡೆಗೆ ಒರಗಿ, ಇದರಲ್ಲಿ ಎಲ್ಲಾದರೂ ಕುರಿಯ ಮಾತು ಬರುತ್ತದೇನು, ಅಕ್ಕನ ಮಾತು ಬರುತ್ತದೇನು ಎಂದು ಕೇಳುತ್ತಿದ್ದರು. ಹತ್ತಿಯ ಪುಸ್ತಕದಲ್ಲಿ ಅಕ್ಕನ ಮಾತು ಎಲ್ಲಿಂದ ಬರಬೇಕು? ಒಮ್ಮೆ ಸಾಕಾಗಿ ನಾನೇ ಒಂದು ಸಾಲು ಸೇರಿಸಿ ಓದಿಬಿಡಲೇ ಅನ್ನಿಸಿತು. ಓದಲಿಲ್ಲ. ಅವರು ಕಲಿಸುವವರಾಗಿದ್ದರು, ಹಿಡಿದುಬಿಡುತ್ತಿದ್ದರು.

ಗೋಕಾಕದ ದವಾಖಾನೆಯಲ್ಲಿ ಕೊನೆಯ ಸಲ ನೋಡಿದಾಗ ಅಣ್ಣನೂ ಪಕ್ಕದಲ್ಲಿದ್ದ. ಅಕ್ಕೋರು ಅವನಿಗೆ ಹೇಳಿದ್ದು ಒಂದೇ ಮಾತು: "ಅವಂದ ಎಡಿ ಇಡಬ್ಯಾಡೋ ಅಣ್ಣಾ." ಅಣ್ಣ ತಲೆ ಅಲ್ಲಾಡಿಸಿದ. ಹೌದು ಅಂದನೋ, ಅಳು ತಡೆದುಕೊಂಡನೋ, ನನಗೆ ತಿಳಿಯಲಿಲ್ಲ.

ಚಹಾದ ಬಟ್ಟಲು ಕೆಳಗಿಟ್ಟು ಅಣ್ಣನ ಮಗ ಏಳಲು ಹೊರಟವನು ಮತ್ತೆ ಕೂತ. "ಈ ಅಮಾಸಿಗೆ ಅತ್ತಿ ಹೆಸರಿಗೆ ಸೀರಿ ಇಟ್ವಿರಿ," ಅಂದ. ಆಮೇಲೆ ನೆಲ ನೋಡುತ್ತ, "ಬಾಜೂಕ ಕಾಕಾನ ಹೆಸರಿಗೂ ಒಂದ ಧೋತರ ಇಟ್ಟ ಅಪ್ಪ. ಇನ್ನ ಬ್ಯಾಡ ಅನ್ನಾವ್ರು ಯಾರ್ ಅದಾರ್ರಿ?"

ಕುಲಗೋಡದ ಮನೆಯ ಲೆಕ್ಕದಲ್ಲಿ ಅಕ್ಕ ತಮ್ಮ ಇಬ್ಬರೂ ಒಂದೇ ವರ್ಷ ತೀರಿಕೊಂಡರು ಎಂದು ನನಗೆ ಆಗ ತಿಳಿಯಿತು.

ಅವನು ಹೋದ ಮೇಲೆ ಪುಸ್ತಕಗಳನ್ನು ಮುಂದಿಟ್ಟುಕೊಂಡು ಕೂತೆ. ಬಂದ ಪುಸ್ತಕಕ್ಕೆ ವಿಷಯ ನೋಡಿ ಸಂಖ್ಯೆ ಹಾಕುವುದು ನನ್ನ ಉದ್ಯೋಗ. ಅಡ್ಡಹೆಸರು ನೋಡಿ ಒಂದೆಡೆ ಕೂಡಿಡುವ ಪದ್ಧತಿ ನಮ್ಮಲ್ಲಿಲ್ಲ. ಎರಡು ಮೂರು ದಿನ ಹಾಗೆಯೇ ಬಿಟ್ಟೆ. ನಿನ್ನೆ ಸಂಖ್ಯೆ ಹಾಕಿದೆ. ಕುರಿ ಒಂದು ಕಪಾಟಿಗೆ ಹೋಯಿತು, ಮೋಡಿ ಇನ್ನೊಂದಕ್ಕೆ, ಶಾಸನ ಮೂಲೆಗೆ, ರೇಖಾಗಣಿತ ಮಹಡಿಗೆ. ಅಕ್ಕೋರು ಇಷ್ಟು ವರ್ಷ ಹೊಲಿದಿಟ್ಟುಕೊಂಡ ತಮ್ಮ ನನ್ನ ಕೈಯಿಂದಲೇ ಹಂಚಿಹೋದ.

ಕಂಬಳಿ ಇನ್ನೂ ನನ್ನ ಕುರ್ಚಿಯ ಮೇಲಿದೆ. ಅದನ್ನು ಹೊದೆಯಬೇಕಾದವನು ಯಾವ ಹೆಸರಿನವನೋ ನನಗೆ ಗೊತ್ತಿಲ್ಲ.