ರಸ್ತೆಗೆ ಊರಿದ ಹಿಮ್ಮಡಿ

ನಾನು ಕಲಿತದ್ದು ಎರಡನೆಯ ಇಯತ್ತೆ. ಹೀಗಾಗಿ ಹಟಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆಂದು ತಿಳಿಯಲು ಮೊಮ್ಮಗಳು ಕಾಲೇಜು ಹತ್ತಬೇಕಾಯಿತು. ಯಾರು ಎಷ್ಟು ಎಳೆದರೂ ಜಗ್ಗದವರನ್ನು ಇಂಗ್ಲಿಷಿನವರು ‘ಹಿಮ್ಮಡಿ ನೆಲಕ್ಕೆ ಊರಿದವರು’ ಅನ್ನುತ್ತಾರಂತೆ.

“ಎತ್ತಿಗೆ ಅಂತಾರೇನ, ಮಂದಿಗೆ ಅಂತಾರೇನ?” ಎಂದೆ.

“ಮಂದಿಗೆ, ಆಯಿ. ನಿನ್ನಂಥಾವ್ರಿಗೆ.”

ನನಗೆ ಈ ಬಿರುದು ಬರಲು ಕಾರಣ ಒಂದು ಬಸ್ಸು. ಮೂಡಲಗಿಯಿಂದ ಗೋಕಾಕಕ್ಕೆ ಹೋಗುವ ಆ ಬೆಳಗಿನ ಬಸ್ಸು ನಮ್ಮೂರ ಕ್ರಾಸಿನಲ್ಲಿ ನಿಲ್ಲಬೇಕು. ಬೋರ್ಡು ಕೂಡ ಇದೆ. ಡ್ರೈವರ್ ಮಾತ್ರ ನಮ್ಮ ಮುಖಕ್ಕೆ ಧೂಳು ಎರಚಿ ಹೋಗುತ್ತಿದ್ದ. ಪಾಪ, ನನಗಿಂತ ಕಡಿಮೆ ಕಲಿತವನಿರಬೇಕು.

ಬಸ್ಸು ಸಿಗದೆ ಮೊಮ್ಮಗಳಿಗೆ ಕಾಲೇಜು ತಪ್ಪುತ್ತಿತ್ತು. ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂಡಿಸುವುದಿಲ್ಲವೆಂದು ಕಾಲೇಜಿನಿಂದ ಚೀಟಿ ಬಂತು. ಅವಳಪ್ಪ, ಅಂದರೆ ನನ್ನ ಮಗ, ಆ ಚೀಟಿಗೇ ಕಾದವನಂತೆ, “ಸಾಕ ಬಿಡವ್ವಾ, ಮನ್ಯಾಗ ಇರ್ಲಿ. ನೀ ಎಷ್ಟ ಸಾಲಿ ಕಲ್ತಿ? ಬಾಳೇ ಮಾಡ್ಲಿಲ್ಲೇನ?” ಎಂದ.

ಮಾಡಿದೆ. ಅದಕ್ಕೇ ಮರುದಿನ ಎಮ್ಮೆ ಹೊಡೆದುಕೊಂಡು ರಸ್ತೆಗೆ ಹೋದೆ.

ನಮ್ಮ ಎಮ್ಮೆ ಹಟಕ್ಕೆ ಹೆಸರಾದದ್ದು. ಕೆಸರಿನಿಂದ ಎಬ್ಬಿಸಲು ಮೂವರು ಬೇಕು. ಅದನ್ನು ನಡುರಸ್ತೆಯಲ್ಲಿ ನಿಲ್ಲಿಸಿ ನಾನು ಬದಿಯಲ್ಲಿ ಆರಾಮಾಗಿರಬಹುದು ಎಂದುಕೊಂಡಿದ್ದೆ. ಬಸ್ಸು ಒಮ್ಮೆ ಹಾರ್ನ್ ಹೊಡೆದದ್ದೇ ತಡ, ಶೂರ ಎಮ್ಮೆ ಬಾಲವೆತ್ತಿ ಕಬ್ಬಿನೊಳಗೆ ನುಗ್ಗಿತು. ರಸ್ತೆಯ ನಡುವೆ ನಾನೇ ಹೋಗಿ ನಿಂತೆ. ಬಸ್ಸು ನನ್ನ ಮೂಗಿನ ಮುಂದೆ ಬಂದು ನಿಂತಿತು.

“ಏ ಮುದುಕಿ, ಸಾಯಾಕ ಬಂದಿಯೇನ?”

“ಇಲ್ಲೋ ಯಪ್ಪಾ, ನಿನಗ ಬೋರ್ಡ್ ಓದಿ ಹೇಳಾಕ ಬಂದೇನಿ. ಹುಡುಗಿ ಹತ್ತಲಿ.”

“ಹಿಂದ ಬ್ಯಾರೆ ಬಸ್ ಬರತೈತ್ರೀ, ಆಯಿ.” ಅಷ್ಟರಲ್ಲಿ ಮರ್ಯಾದೆ ನೆನಪಾಗಿತ್ತು ಅವನಿಗೆ.

“ಬರಲಿ. ನಿನ್ನ ಹಿಂದ ಅದೂ ನಿಲ್ಲತೈತಿ.”

ಬಸ್ಸಿನವರೆಲ್ಲ ನಕ್ಕರು. ಮೊಮ್ಮಗಳು ನಾಚಿಕೆಗೆ ಮುಖದ ಮೇಲೆ ದುಪಟ್ಟಾ ಎಳೆದುಕೊಂಡು ಹತ್ತಿದಳು. ಹನ್ನೊಂದು ದಿನ ಹಾಗೆಯೇ ನಿಂತೆ. ಹನ್ನೆರಡನೆಯ ದಿನ ನಾನು ರಸ್ತೆಗಿಳಿಯುವ ಮೊದಲೇ ಬಸ್ಸು ನಿಂತಿತು. ಹಾಜರಿ ತುಂಬಿತು, ಹುಡುಗಿ ಪರೀಕ್ಷೆಗೆ ಕೂತಳು. ಕಾಲೇಜು ಸಾಕೆಂದಿದ್ದ ನನ್ನ ಮಗ ಈಗ “ನಮ್ಮ ಹುಡುಗಿ ಭಾಳ ಶಾಣ್ಯಾ” ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಾನೆ.

ನಿನ್ನೆ ಬೆಳಿಗ್ಗೆ ಡ್ರೈವರ್ ಕಿಟಕಿಯಿಂದ ಕತ್ತು ಹೊರಹಾಕಿ ಕೂಗಿದ: “ಆಯೀ, ನಾ ನಿಂತೇನ್ರಿ. ನಿಮ್ಮ ಹುಡುಗಿ ಎಲ್ಲಿ?”

“ಜಡಿ ಹಾಕ್ಕೊಳ್ಳಾಕತ್ತಾಳ. ತಡಿ.”

ಈಗ ಹಿಮ್ಮಡಿ ಊರಿ ನಿಲ್ಲುವ ಕೆಲಸ ಅವನದು.